ಮಳೆ ಬಂದ್ರೆ ಕಾರ್ ಮಾಯ ಆಗಲ್ಲ

ರೇಸ್ ದಿನ ಮಳೆ ಬಂತು ಅಂದ್ರೆ ನಮ್ಮ ಹಾಸ್ಟೆಲಿನ ಕಾಮನ್ ರೂಮಿನಲ್ಲಿ ಕೂರೋಕೆ ಜಾಗ ಸಿಗಲ್ಲ. ಬಿಸಿಲಲ್ಲಿ ರೇಸ್ ನಡೀವಾಗ ಮೂಲೆಯಲ್ಲಿ ಮೊಬೈಲ್ ನೋಡ್ತಾ ಇದ್ದವರೂ ಎದ್ದು ಟಿವಿ ಮುಂದೆ ಬರ್ತಾರೆ. ಆಮೇಲೆ ಯಾರಾದ್ರೂ ಒಬ್ಬರು ಆ ಮಾತು ಹೇಳೇ ಹೇಳ್ತಾರೆ: "ಈಗ ನೋಡ್ರೋ, ನಿಜವಾದ ಡ್ರೈವರ್ ಯಾರು, ಬರೀ ಕಾರಿಂದ ಗೆಲ್ತಿದ್ದವನು ಯಾರು ಅಂತ ಗೊತ್ತಾಗುತ್ತೆ." ಎಲ್ಲರೂ ಹೌದು ಹೌದು ಅಂತೀವಿ. ಫಾರ್ಮುಲಾ ಒನ್ ನೋಡುವವರಲ್ಲಿ ಈ ಮಾತನ್ನು ಒಪ್ಪದವರು ಸಿಗೋದೇ ಕಷ್ಟ. ಮಳೆ ಬಂದ್ರೆ ಕಾರುಗಳೆಲ್ಲ ಸಮ, ಉಳಿಯೋದು ಡ್ರೈವರ್ ಕೈಚಳಕ ಮಾತ್ರ, ಅಂತ.

ನಾವೂ ಹಾಗೇ ನಂಬಿದ್ದೆವು. ನಾವು ಅಂದ್ರೆ ಕಾಲೇಜಿನ ಗೋ-ಕಾರ್ಟ್ ಟೀಮಿನಲ್ಲಿ ಬ್ರೇಕ್ ಕೆಲಸ ನೋಡಿಕೊಳ್ಳುವ ನಾಲ್ಕು ಜನ ಸೆಕೆಂಡ್ ಇಯರ್‌ನವರು. ಕಳೆದ ಸ್ಪರ್ಧೆಯಲ್ಲಿ ಎಂಡ್ಯೂರೆನ್ಸ್ ದಿನ ಮಳೆ ಬಂತು. ನಮ್ಮ ಡ್ರೈವರ್ ಒಂದೇ ತಿರುವಿನಲ್ಲಿ ಮೂರು ಸಲ ಸ್ಪಿನ್ ಆದ. ಮೂರನೇ ಸಲ ಟೈರ್ ಗೋಡೆಗೆ ಗುದ್ದಿ ಟೈ ರಾಡ್ ಬಗ್ಗಿತು, ರೇಸ್ ಮುಗೀತು. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಒಬ್ಬರು ಅಂದರು, "ನಮ್ಮ ಗಾಡಿ ಚೆನ್ನಾಗೇ ಇತ್ತು. ಮಳೇಲಿ ಓಡಿಸೋಕೆ ಬರ್ಬೇಕಲ್ಲ." ಅವನು ಎರಡು ಸೀಟು ಮುಂದೆ ಕೂತಿದ್ದ. ಡಿಪಾರ್ಟ್‌ಮೆಂಟಿಗೆ ಕೊಟ್ಟ ಪ್ರೆಸೆಂಟೇಶನ್‌ನಲ್ಲಿ ರೇಸ್ ಮುಗಿಸದ್ದಕ್ಕೆ ಕಾರಣ ಅನ್ನೋ ಜಾಗದಲ್ಲಿ ಎರಡೇ ಪದ ಹಾಕಿದೆವು: ಡ್ರೈವರ್ ಎರರ್. ವಾರ ಕಳೆಯೋದರೊಳಗೆ ಅವನು ಟೀಮಿನ ಗ್ರೂಪಿನಿಂದ ಹೊರಗೆ ಹೋದ.

ಆ ಎರಡು ಪದ ಸರಿಯಿತ್ತಾ ಅಂತ ಕೂತು ಲೆಕ್ಕ ಹಾಕಿದ್ದು ತುಂಬ ತಡವಾಗಿ. ಅದಕ್ಕೇ ಈ ಲೇಖನ. ನಮ್ಮ ಅಭಿಪ್ರಾಯ ಇಷ್ಟು: ಮಳೆ ಕಾರನ್ನು ಲೆಕ್ಕದಿಂದ ತೆಗೆದುಹಾಕಲ್ಲ. ಕಾರಿನ ಯಾವ ಗುಣ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನ ಮಾತ್ರ ಬದಲಾಯಿಸುತ್ತೆ. ಇದನ್ನು ಮರೆತು ಮಾತಾಡಿದರೆ ಗೆದ್ದವನನ್ನು ದೇವರು ಮಾಡ್ತೀವಿ, ಸೋತವನಿಗೆ ಅನ್ಯಾಯ ಮಾಡ್ತೀವಿ.

ಮೊದಲು, ಎಲ್ಲರೂ ಹೇಳುವ ಮಾತಲ್ಲಿ ಎಷ್ಟು ನಿಜ ಇದೆ ನೋಡೋಣ. (ನಾವೆಲ್ಲ ಇಂಗ್ಲಿಷ್ ಮೀಡಿಯಂನವರು. ಘರ್ಷಣೆ ಅಂತ ಬರೆದರೆ ನಮಗೇ ಜಗಳ ನೆನಪಾಗುತ್ತೆ, ಹಾಗಾಗಿ ಫ್ರಿಕ್ಷನ್ ಅಂತಲೇ ಬರೀತೀವಿ.) ಫಸ್ಟ್ ಇಯರ್ ಫಿಸಿಕ್ಸ್ ಸಾಕು. 50 ಮೀಟರ್ ರೇಡಿಯಸ್ಸಿನ ಸಮತಟ್ಟಾದ ತಿರುವು ಅಂದುಕೊಳ್ಳಿ. ಫ್ರಿಕ್ಷನ್ ಕೋಎಫಿಶಿಯೆಂಟ್, ಅಂದ್ರೆ ಮ್ಯೂ, 0.8 ಇದ್ದಾಗ ಆ ತಿರುವನ್ನು ಗಂಟೆಗೆ ಸುಮಾರು 71 ಕಿ.ಮೀ. ವೇಗದಲ್ಲಿ ತೆಗೆದುಕೊಳ್ಳಬಹುದು. ನೆಲ ನೆನೆದು ಮ್ಯೂ 0.4ಕ್ಕೆ ಇಳಿದರೆ ಅದೇ ತಿರುವಿಗೆ ಸುಮಾರು 50 ಕಿ.ಮೀ. ಮಾತ್ರ. ಇದು ರೆಕ್ಕೆ ಇಲ್ಲದ ಗಾಡಿಯ ಲೆಕ್ಕ. ಫಾರ್ಮುಲಾ ಒನ್ ಕಾರಿಗೆ ಇದರ ಮೇಲೆ ಡೌನ್‌ಫೋರ್ಸ್ ಇದೆ, ಅದು ವೇಗದ ವರ್ಗಕ್ಕೆ ತಕ್ಕ ಹಾಗೆ ಇರುತ್ತೆ. ವೇಗ ಶೇ. 70ಕ್ಕೆ ಇಳಿದರೆ ಡೌನ್‌ಫೋರ್ಸ್ ಅರ್ಧ ಆಗಿಬಿಡುತ್ತೆ. ಇನ್ನು ಇಂಜಿನ್: ತಿರುವಿಂದ ಹೊರಗೆ ಬರುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತೆ. ಹಾಗಾಗಿ ಜಾಸ್ತಿ ಹಾರ್ಸ್‌ಪವರ್ ಇದ್ದವನಿಗೆ ಅದನ್ನು ನೆಲಕ್ಕೆ ಇಳಿಸೋಕೆ ಆಗಲ್ಲ.

ಅಂದ್ರೆ ಶ್ರೀಮಂತ ಟೀಮುಗಳು ಕೋಟಿಗಟ್ಟಲೆ ಸುರಿದು ಗಳಿಸಿದ ಎರಡು ಲಾಭ, ಡೌನ್‌ಫೋರ್ಸು ಮತ್ತು ಪವರ್ರು, ಎರಡೂ ಮಳೆಯಲ್ಲಿ ಕುಗ್ಗುತ್ತವೆ. ಜೊತೆಗೆ ಡ್ರೈವರ್ ಮಾಡಬೇಕಾದ ಕೆಲಸ ಹೆಚ್ಚುತ್ತೆ. ಒಣ ಟ್ರ್ಯಾಕಿನಲ್ಲಿ ಎಲ್ಲರೂ ಓಡಿಸುವ ದಾರಿಯ ಮೇಲೆ ಟೈರಿನ ರಬ್ಬರ್ ಅಂಟಿರುತ್ತೆ. ನೀರು ಬಿದ್ದಾಗ ಅದೇ ಜಾಗ ಹೆಚ್ಚು ಜಾರುತ್ತೆ. ಮೊದಲ ಮಳೆಗೆ ಸಿಗ್ನಲ್ ಹತ್ತಿರ ಬೈಕ್ ಜಾರಿದವರಿಗೆ ಇದರ ಅನುಭವ ಇರುತ್ತೆ. ಅದಕ್ಕೇ ಒಳ್ಳೆ ಡ್ರೈವರ್‌ಗಳು ಮಳೆಯಲ್ಲಿ ಮಾಮೂಲಿ ದಾರಿ ಬಿಟ್ಟು ಹೊರಗಿನಿಂದ ತಿರುಗಿಸ್ತಾರೆ. ಪ್ರತಿ ಲ್ಯಾಪಿಗೂ ಹಿಡಿತ ಎಲ್ಲಿದೆ ಅಂತ ಹೊಸದಾಗಿ ಹುಡುಕಬೇಕು. ಇದು ಕಾರಿನ ಕೆಲಸ ಅಲ್ಲ, ಮನುಷ್ಯನದ್ದು. ಇಷ್ಟರ ಮಟ್ಟಿಗೆ ಕಾಮನ್ ರೂಮಿನ ಮಾತು ಸರಿ.

ಆದ್ರೆ ಗಮನಿಸಿ. ಡೌನ್‌ಫೋರ್ಸ್ ಅರ್ಧ ಆಯ್ತು, ಸೊನ್ನೆ ಆಗಲಿಲ್ಲ. ಮೊದಲು ಜಾಸ್ತಿ ಇದ್ದವನಿಗೆ ಈಗಲೂ ಉಳಿದವರಿಗಿಂತ ಜಾಸ್ತಿಯೇ ಇದೆ. ಜೊತೆಗೆ ಒಣಗಿದ್ದಾಗ ಯಾರೂ ಕೇಳದ ಪ್ರಶ್ನೆಗಳು ಏಳುತ್ತವೆ. ಈ ಕಾರು ತಣ್ಣಗಿನ ನೆಲದಲ್ಲಿ ಟೈರನ್ನು ಬಿಸಿ ಮಾಡುತ್ತಾ? ಇಂಜಿನ್ ಪವರ್ ಮೆತ್ತಗೆ ಬರುತ್ತಾ, ಒಮ್ಮೆಲೇ ಒದ್ದ ಹಾಗೆ ಬರುತ್ತಾ? ಬ್ರೇಕ್ ಎಷ್ಟು ಒತ್ತಿದರೆ ಚಕ್ರ ಲಾಕ್ ಆಗುತ್ತೆ? ಇವೆಲ್ಲ ಕಾರಿನ ಗುಣಗಳೇ.

ಈಗ ಎಲ್ಲರೂ ಉದಾಹರಣೆ ಕೊಡುವ ರೇಸಿಗೆ ಬರೋಣ. 1993ರ ಏಪ್ರಿಲ್ 11, ಇಂಗ್ಲೆಂಡಿನ ಡೋನಿಂಗ್ಟನ್ ಪಾರ್ಕ್. ಆಯರ್ಟನ್ ಸೆನ್ನಾ ನಾಲ್ಕನೇ ಜಾಗದಿಂದ ಹೊರಟ, ಮೊದಲ ತಿರುವಿಗೆ ಐದನೆಯವನಾದ. ಆ ಲ್ಯಾಪ್ ಮುಗಿಯೋ ಮುಂಚೆ ಶೂಮಾಕರ್, ವೆಂಡ್ಲಿಂಗರ್, ಡೇಮನ್ ಹಿಲ್, ಅಲೇನ್ ಪ್ರಾಸ್ಟ್ ನಾಲ್ವರನ್ನೂ ದಾಟಿ ಮುಂದೆ ಬಂದಿದ್ದ. ಕೊನೆಗೆ ಎರಡನೆಯವನಾದ ಹಿಲ್‌ಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂದೆ ಇದ್ದ. ಮೂರನೆಯ ಪ್ರಾಸ್ಟ್ ಒಂದು ಲ್ಯಾಪ್ ಹಿಂದೆ. ಆ ವಿಡಿಯೋ ನೋಡಿದಾಗೆಲ್ಲ ನಮಗೆ ಈಗಲೂ ಮೈ ಜುಂ ಅನ್ನುತ್ತೆ. ಸೆನ್ನಾ ದೊಡ್ಡ ಡ್ರೈವರ್ ಅಲ್ಲ ಅಂತ ಹೇಳೋಕೆ ನಮಗೇನೂ ಹುಚ್ಚು ಹಿಡಿದಿಲ್ಲ.

ಆದ್ರೆ ಕಥೆ ಹೇಳುವಾಗ "ಡಬ್ಬಾ ಕಾರಲ್ಲಿ ಗೆದ್ದ" ಅಂತೀವಲ್ಲ, ಅದು ಪೂರ್ತಿ ಸರಿಯಲ್ಲ. ಮ್ಯಾಕ್ಲಾರೆನ್‌ನ ಫೋರ್ಡ್ ವಿ8 ಇಂಜಿನ್ನಿಗೆ ವಿಲಿಯಮ್ಸ್‌ನ ರೆನೋ ವಿ10ರಷ್ಟು ಶಕ್ತಿ ಇರಲಿಲ್ಲ, ನಿಜ. ಆದರೆ ಆ ಮ್ಯಾಕ್ಲಾರೆನ್‌ನಲ್ಲೂ ಆಕ್ಟಿವ್ ಸಸ್ಪೆನ್ಶನ್ ಇತ್ತು, ಟ್ರ್ಯಾಕ್ಷನ್ ಕಂಟ್ರೋಲ್ ಇತ್ತು. ಕೊರತೆ ಇದ್ದದ್ದು ಪವರ್‌ನಲ್ಲಿ, ಮಳೆಯಲ್ಲಿ ಕಡಿಮೆ ಬೇಕಾದದ್ದೂ ಅದೇ. ಆ ದಿನ ಮಳೆ ನಿಂತು, ಮತ್ತೆ ಬಂದು, ಮತ್ತೆ ನಿಂತು ಆಟ ಆಡಿಸಿತು. ಟೈರ್ ಬದಲಾಯಿಸೋಕೆ ಪ್ರಾಸ್ಟ್ ಏಳು ಸಲ ಪಿಟ್‌ಗೆ ಬಂದ. ಅಂದ್ರೆ ಗೆಲುವಿನಲ್ಲಿ ಕೈಚಳಕದ ಜೊತೆಗೆ ಯಾವಾಗ ಯಾವ ಟೈರ್ ಅನ್ನೋ ನಿರ್ಧಾರವೂ ಇತ್ತು. ಇನ್ನೊಂದು ವಿಷಯ: ಅದೇ ಮೊದಲ ಲ್ಯಾಪಿನಲ್ಲಿ ಜೋರ್ಡನ್ ಕಾರಿನಲ್ಲಿ ರೂಬೆನ್ಸ್ ಬ್ಯಾರಿಕೆಲೊ 12ನೇ ಜಾಗದಿಂದ 4ಕ್ಕೆ ಬಂದ. ರೇಸ್ ಕೊನೆಯ ಹತ್ತಿರ ಅವನ ಕಾರು ಕೆಟ್ಟು ನಿಂತಿತು. ನಮ್ಮ ಕಾಮನ್ ರೂಮಿನಲ್ಲಿ ಆ ಲ್ಯಾಪಿನ ಮಾತು ಬಂದಾಗ ಅವನ ಹೆಸರು ಒಂದು ಸಲವೂ ಬಂದಿಲ್ಲ.

1984ರ ಮೊನಾಕೊ ಇನ್ನೂ ಒಳ್ಳೆ ಉದಾಹರಣೆ. ಅಲ್ಲೂ ಸೆನ್ನಾ ಕಥೆಯೇ ಎಲ್ಲರಿಗೂ ಗೊತ್ತು: ಟೋಲ್‌ಮನ್ ಅನ್ನೋ ಸಣ್ಣ ಟೀಮಿನ ಕಾರಲ್ಲಿ 13ನೇ ಜಾಗದಿಂದ ಹೊರಟು ಪ್ರಾಸ್ಟ್‌ನ ಹಿಂದೆಯೇ ಬಂದ, ಅಷ್ಟರಲ್ಲಿ ಮಳೆ ಜೋರಾಯ್ತು ಅಂತ ರೇಸ್ ನಿಲ್ಲಿಸಿದರು. ಆದ್ರೆ ಮೂರನೇ ಜಾಗದಲ್ಲಿ ಸ್ಟೆಫಾನ್ ಬೆಲ್ಲೋಫ್ ಇದ್ದ. ಅವನು ಹೊರಟದ್ದು 20ನೇ ಜಾಗದಿಂದ, ಅಂದ್ರೆ ಎಲ್ಲರಿಗಿಂತ ಹಿಂದಿನಿಂದ. ಆ ದಿನ ಟರ್ಬೋ ಇಲ್ಲದ ಇಂಜಿನ್ ಇದ್ದದ್ದು ಅವನ ಟಿರೆಲ್ ಕಾರಿಗೆ ಮಾತ್ರ. ಆ ಕಾಲದ ಟರ್ಬೋಗಳಲ್ಲಿ ಪವರ್ ತಡವಾಗಿ ಬಂದು ಒಮ್ಮೆಲೇ ಒದೀತಿತ್ತು. ಒಣ ಟ್ರ್ಯಾಕಿನಲ್ಲಿ ಬೆಲ್ಲೋಫ್‌ನ ಇಂಜಿನ್ ಪಾಪದ್ದು. ನೆನೆದ ಮೊನಾಕೊ ಬೀದಿಯಲ್ಲಿ ಅದರ ಮೆತ್ತಗಿನ ಪವರ್ರೇ ವರ ಆಯ್ತು. ಹಾಗಂತ ಬೆಲ್ಲೋಫ್ ಓಡಿಸಿದ್ದು ಸಾಮಾನ್ಯ ಅಂತ ಹೇಳ್ತಿಲ್ಲ. ಮಳೆ ಕಾರುಗಳನ್ನು ಸಮ ಮಾಡಲಿಲ್ಲ, ಕಾರುಗಳ ಸಾಲನ್ನು ತಿರುವುಮುರುವು ಮಾಡಿತು ಅಂತ ಹೇಳ್ತಿದ್ದೀವಿ.

ಹಾಗಾದ್ರೆ ಡ್ರೈವರ್ ಪಾಲು ಎಷ್ಟು ಅಂತ ಅಳೆಯೋದು ಹೇಗೆ? ಲ್ಯಾಬಿನಲ್ಲಿ ಹೇಳಿಕೊಡುವ ಹಾಗೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸ್ಥಿರವಾಗಿ ಇಡಬೇಕು. ಫಾರ್ಮುಲಾ ಒನ್‌ನಲ್ಲಿ ಅದಕ್ಕೆ ಹತ್ತಿರ ಇರೋದು ಒಂದೇ: ಅದೇ ಟೀಮಿನ ಇನ್ನೊಬ್ಬ ಡ್ರೈವರ್. 2008ರ ಸಿಲ್ವರ್‌ಸ್ಟೋನ್ ನೋಡಿ. ಮಳೆಯಲ್ಲಿ ಲೂಯಿಸ್ ಹ್ಯಾಮಿಲ್ಟನ್ 68 ಸೆಕೆಂಡಿನ ಅಂತರದಿಂದ ಗೆದ್ದ. ಅದೇ ಮ್ಯಾಕ್ಲಾರೆನ್‌ನಲ್ಲಿ ಪೋಲ್ ಪೊಸಿಶನ್‌ನಿಂದ ಹೊರಟ ಹೈಕಿ ಕೊವಲೈನೆನ್ ಒಂದು ಲ್ಯಾಪ್ ಹಿಂದೆ ಬಿದ್ದು ಐದನೆಯವನಾದ. ಇಲ್ಲಿ ನಾವೂ ಟೋಪಿ ತೆಗೀತೀವಿ, ಇದು ಡ್ರೈವರ್‌ದೇ. ಆದ್ರೆ ಅದೇ ರೇಸಿನಲ್ಲಿ ಮೂರನೇ ಜಾಗಕ್ಕೆ ಬಂದದ್ದು ಬ್ಯಾರಿಕೆಲೊ, ಆ ವರ್ಷದ ನಿಧಾನದ ಕಾರುಗಳಲ್ಲಿ ಒಂದಾದ ಹೋಂಡಾದಲ್ಲಿ. ಮಳೆ ಜೋರಾಗುವ ಹೊತ್ತಿಗೆ ಸರಿಯಾಗಿ ಅವನ ಟೀಮು ಎಕ್ಸ್‌ಟ್ರೀಮ್ ವೆಟ್ ಟೈರ್ ಹಾಕಿತ್ತು. ಇದರಲ್ಲಿ ಓಡಿಸಿದವನ ಪಾಲು ಎಷ್ಟು, ಪಿಟ್ ಗೋಡೆ ಮೇಲೆ ಕೂತು ಮೋಡ ನೋಡಿದವರ ಪಾಲು ಎಷ್ಟು? ಬ್ಯಾರಿಕೆಲೊ ದೊಡ್ಡವನಾ, ಹೋಂಡಾ ಒಳ್ಳೆಯದಾ ಅನ್ನೋ ಎರಡೇ ಆಯ್ಕೆ ಇಟ್ಟುಕೊಂಡರೆ ಮೂರನೇ ಉತ್ತರ ಕಾಣೋದೇ ಇಲ್ಲ.

2020ರ ಟರ್ಕಿ ರೇಸೂ ಹಾಗೇ. ಹ್ಯಾಮಿಲ್ಟನ್ ಒಂದೇ ಸೆಟ್ ಇಂಟರ್‌ಮೀಡಿಯೆಟ್ ಟೈರಿನಲ್ಲಿ 50 ಲ್ಯಾಪ್ ಓಡಿಸಿ ಗೆದ್ದು ಏಳನೇ ಚಾಂಪಿಯನ್‌ಶಿಪ್ ಪಡೆದ. ಅದೇ ಮರ್ಸಿಡಿಸ್‌ನ ವಾಲ್ಟೇರಿ ಬೋಟಾಸ್ 14ನೆಯವನು, ಒಂದು ಲ್ಯಾಪ್ ಹಿಂದೆ. ಆ ಸಂಜೆ ಬೋಟಾಸ್ ಮೇಲೆ ಹರಿದಾಡಿದ ಮೀಮುಗಳಲ್ಲಿ ನಾಲ್ಕೈದು ನಮ್ಮ ಬ್ಲಾಕಿನವರೂ ಫಾರ್ವರ್ಡ್ ಮಾಡಿರಬಹುದು. ಆದ್ರೆ ಬೋಟಾಸ್ ಕಾರಿಗೆ ಮೊದಲ ಲ್ಯಾಪಿನಲ್ಲೇ ಡಿಕ್ಕಿಯಾಗಿ ಪೆಟ್ಟಾಗಿತ್ತು. ಹಿಂದಿನ ದಿನದ ಕ್ವಾಲಿಫೈಯಿಂಗ್‌ನಲ್ಲಿ, ಹೊಸದಾಗಿ ಡಾಂಬರು ಹಾಕಿದ ಒದ್ದೆ ಟ್ರ್ಯಾಕಿನಲ್ಲಿ ಟೈರ್ ಬಿಸಿಯಾಗದೆ ಹ್ಯಾಮಿಲ್ಟನ್ ಕೂಡ ಆರನೆಯವನಾಗಿದ್ದ. ಆ ವರ್ಷದ ಅತಿ ವೇಗದ ಕಾರು ಅದು. ಪೋಲ್ ಸಿಕ್ಕಿದ್ದು ರೇಸಿಂಗ್ ಪಾಯಿಂಟ್‌ನ ಲ್ಯಾನ್ಸ್ ಸ್ಟ್ರೋಲ್‌ಗೆ. ಶನಿವಾರ ಮಳೆ ಮರ್ಸಿಡಿಸ್ ಕಾರಿನ ದೌರ್ಬಲ್ಯ ತೋರಿಸಿತು, ಭಾನುವಾರ ಹ್ಯಾಮಿಲ್ಟನ್‌ನ ಕೈ ತೋರಿಸಿತು. ಎರಡೂ ಒಂದೇ ವಾರಾಂತ್ಯದಲ್ಲಿ.

ಅದೃಷ್ಟವನ್ನೂ ಬಿಡುವ ಹಾಗಿಲ್ಲ. 2024ರ ಬ್ರೆಜಿಲ್‌ನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 17ನೇ ಜಾಗದಿಂದ ಹೊರಟು ಗೆದ್ದ. ಅದೇ ರೆಡ್ ಬುಲ್‌ನಲ್ಲಿ ಸರ್ಜಿಯೋ ಪೆರೆಜ್ 11ನೆಯವನು. ಇದಕ್ಕಿಂತ ಸಾಕ್ಷಿ ಬೇಕಾ ಅಂತ ನೀವು ಕೇಳಬಹುದು. ಬೇಕು. ಮಳೆ ಜೋರಾದಾಗ ಮುಂದಿದ್ದ ನಾರಿಸ್ ಮತ್ತು ರಸೆಲ್ ಟೈರ್ ಬದಲಾಯಿಸೋಕೆ ಪಿಟ್‌ಗೆ ಬಂದರು. ವರ್ಸ್ಟಾಪನ್ ಬರಲಿಲ್ಲ, ಆಲ್ಪೀನ್ ಟೀಮಿನ ಒಕಾನ್, ಗ್ಯಾಸ್ಲಿ ಕೂಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಪಘಾತವಾಗಿ ರೆಡ್ ಫ್ಲ್ಯಾಗ್ ಬಂತು. ರೆಡ್ ಫ್ಲ್ಯಾಗ್ ಇದ್ದಾಗ ಜಾಗ ಕಳ್ಕೊಳ್ಳದೆ ಪುಕ್ಕಟೆ ಟೈರ್ ಹಾಕಿಕೊಳ್ಳಬಹುದು. ಕೊನೆಗೆ ಗೆದ್ದದ್ದು ವರ್ಸ್ಟಾಪನ್, ಎರಡನೆಯದು ಒಕಾನ್, ಮೂರನೆಯದು ಗ್ಯಾಸ್ಲಿ. ಪಿಟ್‌ಗೆ ಬರದೇ ಇದ್ದ ಅದೇ ಮೂವರು. ಅಷ್ಟು ಹಿಂದಿನಿಂದ ಆ ಜಾಗಕ್ಕೆ ಬಂದು ನಿಂತಿದ್ದು, ಆಮೇಲೆ ಎಲ್ಲರನ್ನೂ ಬಿಟ್ಟು ಓಡಿದ್ದು ವರ್ಸ್ಟಾಪನ್ ಸಾಮರ್ಥ್ಯ. ರೆಡ್ ಫ್ಲ್ಯಾಗ್ ಬಂದದ್ದು ಯಾರ ಸಾಮರ್ಥ್ಯವೂ ಅಲ್ಲ.

ಇಷ್ಟು ಹೊತ್ತು ಪಾಯಿಂಟು, ಪೋಡಿಯಂ ಬಗ್ಗೆ ಮಾತಾಡಿದೆವು. ಮಳೆಯ ಇನ್ನೊಂದು ಮುಖ ಇದೆ. ಪಿರೆಲಿ ಕೊಟ್ಟಿರುವ ಲೆಕ್ಕದ ಪ್ರಕಾರ ಅವರ ಒಂದು ಫುಲ್ ವೆಟ್ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಹೊರಗೆ ಎಸೆಯುತ್ತೆ. ಹಾಸ್ಟೆಲಿನ ನಾಲ್ಕೈದು ಬಕೆಟ್. ನಾಲ್ಕು ಟೈರು ಎಸೆದ ನೀರೆಲ್ಲ ಹಿಂದೆ ಬರುವವನ ಮುಂದೆ ಬಿಳಿ ಗೋಡೆ ಆಗುತ್ತೆ. ಮುಂದೆ ಏನೂ ಕಾಣದೇ ಇದ್ದರೆ ಯಾವ ಪ್ರತಿಭೆ ಏನು ಮಾಡುತ್ತೆ? 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ, ಮಳೆಯಲ್ಲಿ, ಜೂಲ್ಸ್ ಬಿಯಾಂಕಿಯ ಕಾರು ಟ್ರ್ಯಾಕ್ ಬಿಟ್ಟು ಹೋಗಿ, ಇನ್ನೊಂದು ಕಾರನ್ನು ಎತ್ತುತ್ತಿದ್ದ ವಾಹನಕ್ಕೆ ಬಡಿಯಿತು. ಒಂಬತ್ತು ತಿಂಗಳ ನಂತರ ಅವನು ತೀರಿಕೊಂಡ. 25 ವರ್ಷ.

ಆ ಅಪಘಾತದ ತನಿಖಾ ವರದಿ, ಅಪಾಯದ ಬಾವುಟ ಇದ್ದ ಕಡೆ ಬಿಯಾಂಕಿ ಸಾಕಷ್ಟು ನಿಧಾನ ಮಾಡಲಿಲ್ಲ ಅಂತ ಹೇಳಿತು. ಅಲ್ಲಿಗೇ ಬಿಟ್ಟಿದ್ದರೆ ಅದೂ ಡ್ರೈವರ್ ಎರರ್ ಅಂತ ಮುಗಿದುಹೋಗ್ತಿತ್ತು. ಆದ್ರೆ ವರದಿ ಮುಂದುವರಿದು, ಆ ಕಾರಿನ ಬ್ರೇಕ್-ಬೈ-ವೈರ್ ವ್ಯವಸ್ಥೆಯ ಜೊತೆ ಇಂಜಿನ್ ನಿಲ್ಲಿಸಬೇಕಾದ ಫೇಲ್‌ಸೇಫ್ ಸರಿಯಾಗಿ ಹೊಂದಿಕೊಂಡಿರಲಿಲ್ಲ ಅನ್ನೋದನ್ನೂ ದಾಖಲಿಸಿತು. ಅಪಾಯದ ಜಾಗದಲ್ಲಿ ಎಷ್ಟು ವೇಗ ಅಂತ ಡ್ರೈವರ್ ವಿವೇಕಕ್ಕೆ ಬಿಡಬಾರದು, ಮಿತಿ ಇಡಬೇಕು ಅಂತ ಸಲಹೆ ಕೊಟ್ಟಿತು. ಮುಂದಿನ ವರ್ಷ ವರ್ಚುವಲ್ ಸೇಫ್ಟಿ ಕಾರ್ ಬಂತು. ಡ್ರೈವರ್ ಮಾಡಿದ್ದನ್ನು ಮುಚ್ಚಿಡಲಿಲ್ಲ, ಅಲ್ಲೇ ನಿಲ್ಲಲೂ ಇಲ್ಲ. ಇಂಜಿನಿಯರ್‌ಗಳ ಕೆಲಸ ಅಂದ್ರೆ ಇದು ಅಂತ ನಮಗೆ ಅನ್ನಿಸಿದ್ದು ಅದನ್ನು ಓದಿದಾಗ. ಅದನ್ನು ಓದಿದ ಮೇಲೇ ನಮ್ಮ ಕಾರ್ಟಿನ ಕ್ಯಾಲ್ಕುಲೇಶನ್ ಶೀಟ್ ಮತ್ತೆ ತೆಗೆದದ್ದು.

ನಮ್ಮ ಕಾರ್ಟಿಗೆ ಬ್ರೇಕ್ ಇರೋದು ಹಿಂದಿನ ಆಕ್ಸಲ್ ಮೇಲಿನ ಒಂದೇ ಡಿಸ್ಕಿನಲ್ಲಿ. ಸ್ಪರ್ಧೆಯ ಬ್ರೇಕ್ ಟೆಸ್ಟಿನಲ್ಲಿ ಎರಡೂ ಹಿಂದಿನ ಚಕ್ರ ಲಾಕ್ ಆಗಲೇಬೇಕು, ಇಲ್ಲಾಂದ್ರೆ ಟ್ರ್ಯಾಕಿಗೆ ಬಿಡಲ್ಲ. ಅದಕ್ಕೆ ಹೆದರಿ ಪೆಡಲ್ ರೇಶಿಯೋ ಜಾಸ್ತಿ ಇಟ್ಟೆವು. ಒಣ ನೆಲಕ್ಕೆ ಮ್ಯೂ 0.8 ಹಿಡಿದು, ಪೆಡಲ್ ಮೇಲೆ 200 ನ್ಯೂಟನ್ ಬಿದ್ದರೆ ಲಾಕ್ ಆಗೋ ಹಾಗೆ ಮಾಡಿದ್ದೆವು. ಟೆಸ್ಟಿನಲ್ಲಿ ಮೊದಲ ಸಲಕ್ಕೇ ಪಾಸ್, ಚಪ್ಪಾಳೆ ಹೊಡೆದೆವು. ಅದೇ ಶೀಟಿನಲ್ಲಿ ಮ್ಯೂ ಜಾಗಕ್ಕೆ 0.4 ಹಾಕಿ ನೋಡಿದರೆ ಬಂದ ಉತ್ತರ ಸುಮಾರು 110 ನ್ಯೂಟನ್. ಹನ್ನೊಂದು ಕೆಜಿ ಭಾರ. ಗಾಬರಿಯಲ್ಲಿ ಕಾಲಿಟ್ಟರೆ ಸಾಕು, ಹಿಂದಿನ ಚಕ್ರ ಲಾಕ್. ಹಿಂದಿನ ಚಕ್ರ ಲಾಕ್ ಆದ ಗಾಡಿ ತಿರುವಿನಲ್ಲಿ ಏನು ಮಾಡುತ್ತೆ ಅಂತ ಬೇರೆ ಹೇಳಬೇಕಿಲ್ಲ. ಜೊತೆಗೆ ನಮ್ಮ ಹತ್ತಿರ ಇದ್ದದ್ದು ಒಂದೇ ಸೆಟ್ ಸ್ಲಿಕ್ ಟೈರು. ಒಂದು ಸಲವೂ ಅವನಿಗೆ ಒದ್ದೆ ನೆಲದಲ್ಲಿ ಓಡಿಸೋಕೆ ಕೊಟ್ಟಿರಲಿಲ್ಲ.

ಅವನ ತಪ್ಪೇ ಇರಲಿಲ್ಲವಾ? ಇತ್ತು. ಎರಡು ಸಲ ತಿರುಗಿದ ಜಾಗಕ್ಕೆ ಮೂರನೇ ಸಲ ಅಷ್ಟೇ ವೇಗದಲ್ಲಿ ಹೋದ. ಅವನೇ ಅದನ್ನು ಒಪ್ಪಿಕೊಳ್ತಾನೆ. ಅದೇ ಮಳೆಯಲ್ಲಿ, ಅದೇ ಥರದ ಟೈರಿನಲ್ಲಿ ರೇಸ್ ಮುಗಿಸಿದ ಬೇರೆ ಕಾಲೇಜಿನವರೂ ಇದ್ದರು. ಆದ್ರೆ ಮೊದಲ ಸ್ಪಿನ್ ಆದ ಮೇಲೆ ಅವನು ಕೈಸನ್ನೆ ಮಾಡಿ ಬ್ರೇಕ್ ಕಡೆ ತೋರಿಸಿದ್ದ. ನಾವು ಗೋಡೆ ಈಚೆ ನಿಂತು "ಹೋಗು ಹೋಗು" ಅಂತ ಕೂಗಿದ್ದೆವು.

ಕಾರನ್ನು ಮಾಡಿದವರಿಗೆ "ಮಳೆಯಲ್ಲಿ ಡ್ರೈವರೇ ಎಲ್ಲ" ಅನ್ನೋ ಮಾತು ಬಹಳ ಅನುಕೂಲ. ಗೆದ್ದರೆ ಪೋಸ್ಟರಿನಲ್ಲಿ ಟೀಮಿನ ಹೆಸರು ಇದ್ದೇ ಇರುತ್ತೆ, ಸೋತರೆ ಹೆಲ್ಮೆಟ್ ಹಾಕಿಕೊಂಡವನೊಬ್ಬ ಇದ್ದಾನೆ. ಆ ಮಾತನ್ನು ನಾವು ಅಷ್ಟು ಬೇಗ ನಂಬಿದ್ದು ಸೆನ್ನಾ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ ಅಂತ ಈಗ ಅನ್ನಿಸುತ್ತೆ.

ಕಳೆದ ವಾರ ನಾಲ್ಕೂ ಜನ ಅವನ ರೂಮಿಗೆ ಹೋಗಿ ಶೀಟ್ ತೋರಿಸಿ ಸಾರಿ ಕೇಳಿದೆವು. ಅವನು ಶೀಟನ್ನು ಎರಡು ಸಲ ನೋಡಿ, "ಅಲ್ರೋ, ಇದನ್ನ ರೇಸ್ ಮುಂಚೆ ಹಾಕ್ಬಾರ್ದಿತ್ತಾ?" ಅಂದ. ಟೀಮಿಗೆ ವಾಪಸ್ ಬರ್ತೀನಿ ಅಂತ ಇನ್ನೂ ಹೇಳಿಲ್ಲ. ನಾವು ಒತ್ತಾಯ ಮಾಡಿಲ್ಲ.

ಪ್ರೆಸೆಂಟೇಶನ್ ತಿದ್ದಿ ಡಿಪಾರ್ಟ್‌ಮೆಂಟಿಗೆ ಮತ್ತೆ ಕೊಟ್ಟಿದ್ದೀವಿ. ಕಾರಣದ ಜಾಗದಲ್ಲಿ ಈಗ ನಾಲ್ಕು ಸಾಲು ಇದೆ, ಮೊದಲನೇ ಸಾಲು ಬ್ರೇಕ್ ವಿಭಾಗದ್ದು. ಮುಂದಿನ ಕಾರ್ಟಿಗೆ ಪೆಡಲ್ ರೇಶಿಯೋ ಬದಲಾಯಿಸೋ ಹಾಗೆ ಎರಡು ತೂತು ಇಡ್ತೀವಿ, ಒಣ ನೆಲಕ್ಕೆ ಒಂದು, ಒದ್ದೆಗೆ ಒಂದು. ಡಿಸೈನ್ ರಿವ್ಯೂನಲ್ಲಿ ಡ್ರೈವರ್ ಕೂತೇ ಇರ್ಬೇಕು ಅಂತ ತೀರ್ಮಾನ ಆಗಿದೆ. ವರ್ಕ್‌ಶಾಪ್ ಹಿಂದಿನ ಸಿಮೆಂಟ್ ನೆಲಕ್ಕೆ ಒಂದು ಟ್ಯಾಂಕರ್ ನೀರು ಹೊಡೆಸಿ ಟೆಸ್ಟ್ ಮಾಡೋಕೆ ಪರ್ಮಿಶನ್ ಕೇಳಿದ್ದೀವಿ. ಸಿಕ್ಕರೆ ನೋಡೋಕೆ ಬನ್ನಿ. ಮುಂದಿನ ಸಲ ಕಾಮನ್ ರೂಮಿನಲ್ಲಿ ಮಳೆ ರೇಸ್ ನೋಡುವಾಗ ಯಾರಾದ್ರೂ ಸ್ಪಿನ್ ಆದರೆ, ನಗೋ ಮುಂಚೆ ಒಂದು ಸಲ ಅವನ ಟೀಮ್‌ಮೇಟ್ ಎಲ್ಲಿದ್ದಾನೆ, ಟೈರ್ ಯಾವುದು ಅಂತ ನೋಡಿ.